ಪಡಸಾಲೆಯ ಕಂಬಗಳ್ಳಿ

ಕನ್ನಡದಲ್ಲಿ 'ಕಳ್ಳಿ' ಎಂಬುದು ಬಹು ಹಳೆಯ ಶಬ್ದ. ಆದರೆ ಆ ಶಬ್ದದಿಂದ ನಮ್ಮ ಪೂರ್ವಿಕರು ಕರೆಯುತ್ತಿದ್ದ ಗಿಡ ಬೇರೆ, ಇಂದು ಪಟ್ಟಣದ ನರ್ಸರಿಗಳಲ್ಲಿ ಕುಂಡದಲ್ಲಿಟ್ಟು ಮಾರುವ ಮುಳ್ಳುಗಂಬ ಬೇರೆ. ಹೊಲದ ಬದುವಿಗೂ ಹಿತ್ತಿಲ ಬೇಲಿಗೂ ತಲೆತಲಾಂತರದಿಂದ ನೆಡುತ್ತ ಬಂದ ಕಳ್ಳಿಯನ್ನು ಮುರಿದರೆ ಬೆಳ್ಳನೆಯ ಹಾಲು ಒಸರುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯವೆಂಬುದನ್ನು ಹಳ್ಳಿಯ ತಾಯಂದಿರೆಲ್ಲರೂ ಬಲ್ಲರು. ಇಂಗ್ಲಿಷರು ಕ್ಯಾಕ್ಟಸ್ ಎಂದು ಕರೆಯುವ ಕುಲ ಇದಲ್ಲ. ಆ ಕುಲದ ಗಿಡಗಳನ್ನು ಗೀರಿದರೆ ಹಾಲು ಬರುವುದಿಲ್ಲ, ನೀರಾದ ಲೋಳೆ ಬರುತ್ತದೆ. ಮುಳ್ಳುಗಳು ಹತ್ತಿಯುಂಡೆಯಂಥ ಸಣ್ಣ ಮೆತ್ತೆಯೊಂದರಿಂದ ಗೊಂಚಲಾಗಿ ಹೊರಡುತ್ತವೆ. ಒಂದೇ ಒಂದು ಜಾತಿಯನ್ನು ಬಿಟ್ಟರೆ ಆ ಕುಲವೆಲ್ಲ ಅಮೇರಿಕ ಖಂಡಗಳದ್ದು. ಕೊಲಂಬಸನು ಆ ತೀರವನ್ನು ಮುಟ್ಟಿದ್ದು 1492ರಲ್ಲಿ. ಆದುದರಿಂದ ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಕಳ್ಳಿಯನ್ನು ಕಂಡಿದ್ದರೆ ಅದು ಹಾಲುಗಳ್ಳಿಯೇ ಹೊರತು ಈ ಪರದೇಶದ ಅತಿಥಿಯಲ್ಲ. ಹಳೆಯ ಕಾವ್ಯಕ್ಕೆ ಟೀಕೆ ಬರೆಯುವ ನಮ್ಮ ಕೆಲವು ಮಿತ್ರರು ಇವೆರಡನ್ನೂ ಒಂದೇ ಎಂದು ಬಗೆದು ಅರ್ಥ ಹೇಳುವುದುಂಟು. ಆದ್ದರಿಂದಲೇ ಮೊದಲಿಗೆ ಇಷ್ಟು ಹೇಳಬೇಕಾಯಿತು.

ಪರದೇಶದ ಕಳ್ಳಿಗಳಲ್ಲಿ ನಮ್ಮ ಸೀಮೆಗೆ ಬಂದು ಚೆನ್ನಾಗಿ ಬೇರೂರಿದ್ದು ಡಬ್ಬಗಳ್ಳಿ, ಅಂದರೆ ಪಾಪಾಸುಕಳ್ಳಿ. ಪಾಪೋಸು ಎಂದರೆ ಪಾರಸಿಯಲ್ಲಿ ಪಾದರಕ್ಷೆ; ಅದರ ಚಪ್ಪಟೆ ಮಟ್ಟೆಗಳು ಕೆರದ ಅಟ್ಟೆಯಂತೆ ಇರುವುದರಿಂದ ಆ ಹೆಸರು ಬಂದಿರಬೇಕೆಂದು ನಮಗೆ ತೋರುತ್ತದೆ. ಈ ಗಿಡದ ಹಿಂದೆ ಒಂದು ವ್ಯಾಪಾರದ ಕಥೆಯಿದೆ. ಕಡುಗೆಂಪು ಬಣ್ಣವನ್ನು ಕೊಡುವ ಕೊಚಿನೀಲ್ ಎಂಬ ಹುಳು ಈ ಕಳ್ಳಿಯ ಮೇಲೆಯೇ ಬದುಕುವಂಥದು. ಆ ಬಣ್ಣದ ವ್ಯಾಪಾರವೆಲ್ಲ ಸ್ಪೇನಿನವರ ಕೈಯಲ್ಲಿದ್ದುದರಿಂದ ಈಸ್ಟ್ ಇಂಡಿಯಾ ಕಂಪನಿಯವರು 1795ರಲ್ಲಿ ಬ್ರೆಜಿಲಿನಿಂದ ಹುಳುವನ್ನು ತರಿಸಿದರು. ಬಂದದ್ದು ಬೇಕಾದ ಹುಳುವಲ್ಲ, ಅದರ ದಾಯಾದಿ. ಬಣ್ಣ ಕೀಳಾಯಿತು, ಲಾಭ ಕೈಗೆ ಹತ್ತಲಿಲ್ಲ; ಆದರೆ ಹುಳು ಮಾತ್ರ ಸೀಮೆಸೀಮೆಗೆ ಹಬ್ಬಿ ಒಂದು ಜಾತಿಯ ಕಳ್ಳಿಯನ್ನು ಬಹುಮಟ್ಟಿಗೆ ನಿರ್ಮೂಲ ಮಾಡಿತು. ದಕ್ಷಿಣದಲ್ಲಿ ಉಳಿದಿದ್ದ ಇನ್ನೊಂದು ಜಾತಿಗೆ 1926ರ ಸುಮಾರಿಗೆ ಸಿಂಹಳದಿಂದ ಮತ್ತೊಂದು ಹುಳುವನ್ನು ತರಿಸಿ ಬಿಟ್ಟರು. 'ಆಳೆತ್ತರದ ಡಬ್ಬಗಳ್ಳಿಯ ಮೆಳೆಗಳೆಲ್ಲ ನೋಡನೋಡುತ್ತ ಬೆಳ್ಳಗೆ ಬೂಷ್ಟು ಹಿಡಿದು ನೆಲಕ್ಕೊರಗಿದವು' ಎಂದು ನಮ್ಮ ಅಜ್ಜನವರು ಹೇಳುತ್ತಿದ್ದ ಮಾತು ಕಿವಿಯಲ್ಲಿದೆ. ಅವರದನ್ನು ಶಿವನ ಲೀಲೆಯೆಂದು ತಿಳಿದಿದ್ದರು. ಸರಕಾರದ ಲೀಲೆಯೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ನಾವು ಬರೆಯಹೊರಟಿರುವುದು ಮಟ್ಟೆಯ ಕಳ್ಳಿಯನ್ನು ಕುರಿತಲ್ಲ, ನೆಟ್ಟಗೆ ಕಂಬದಂತೆ ಬೆಳೆಯುವ ಕಳ್ಳಿಯನ್ನು ಕುರಿತು. ಸಸ್ಯಶಾಸ್ತ್ರಜ್ಞರು ಅದನ್ನು ಸೀರಿಯಸ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಮೇಣದ ಬತ್ತಿ ಎಂದರ್ಥ. ಅಂಗಡಿಯವರು ಅದಕ್ಕೆ ಪೆರು ದೇಶದ ಕಳ್ಳಿ ಎಂದು ಹೆಸರಿಟ್ಟು ಮಾರುತ್ತಾರೆ. ಪೆರುವಿಗೂ ಅದಕ್ಕೂ ಸಂಬಂಧವಿಲ್ಲ. ಆ ಹೆಸರಿನಲ್ಲಿ ಮಾರಾಟವಾಗುವ ಗಿಡಗಳಲ್ಲಿ ಕೆಲವು ಬ್ರೆಜಿಲ್, ಉರುಗ್ವೆ, ಅರ್ಜೆಂಟೈನಾಗಳ ಕಡೆಯವು, ಕೆಲವು ವೆನೆಜುವೆಲಾ ಮತ್ತು ಅದರ ಎದುರಿನ ಕುರಸಾವ್ ದ್ವೀಪದವು. ಆ ದ್ವೀಪದ ಜನ ಅದನ್ನು ಸಾಲಾಗಿ ನೆಟ್ಟು ಬೇಲಿ ಮಾಡುವುದಲ್ಲದೆ, ಮುಳ್ಳು ಸಿಪ್ಪೆ ತೆಗೆದು ಸಾರು ಮಾಡಿ ಉಣ್ಣುವರಂತೆ. ಉತ್ತರ ಅಮೇರಿಕದ ಅರಿಜೋನಾದಲ್ಲಿ ಇದರ ಹಿರಿಯಣ್ಣನಂತಿರುವ ಸಗ್ವಾರೋ ಎಂಬ ಕಳ್ಳಿಯಿದೆ. ಅದು ನಾಲ್ವತ್ತು ಅಡಿ ಬೆಳೆಯುತ್ತದೆ. ಮೊದಲ ಎಂಟು ವರುಷಗಳಲ್ಲಿ ಅದರ ಎತ್ತರ ಒಂದೂವರೆ ಅಂಗುಲ ಮಾತ್ರ. ಮೊದಲ ಕೊಂಬೆ ಒಡೆಯಬೇಕಾದರೆ ಸುಮಾರು ಐವತ್ತರಿಂದ ಎಪ್ಪತ್ತೈದು ವರುಷ ಬೇಕು. ಆ ಮರಳುಗಾಡಿನ ಮೂಲನಿವಾಸಿಗಳಾದ ತೊಹೊನೊ ಓಅದಮ್ ಜನ ಸಗ್ವಾರೋವನ್ನು ಗಿಡವೆಂದು ಎಣಿಸುವುದಿಲ್ಲ, ತಮ್ಮಂಥ ಜೀವಿಯೆಂದೇ ಎಣಿಸುತ್ತಾರೆ. ಬೇಸಗೆಯ ಕೊನೆಗೆ ಅದರ ಹಣ್ಣು ಕೀಳುವ ಕಾಲವೇ ಅವರಿಗೆ ಹೊಸ ವರುಷ. ಅದರ ರಸದಿಂದಲೇ ಮಳೆಯನ್ನು ಕರೆಯುವ ಹಬ್ಬ. ಮುಳ್ಳಿನ ಗಿಡವೊಂದು ಒಂದು ಕುಲದ ಹಬ್ಬಕ್ಕೆ ಆಧಾರವಾಗಬಲ್ಲುದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ. ಮುಂದೆ ಅದರ ಪ್ರಸಂಗ ಬರುತ್ತದೆ.

ನಮ್ಮ ಮನೆಯ ಕಂಬಗಳ್ಳಿ ಸೊಸೆಯೊಂದಿಗೆ ಬಂದದ್ದು. ಆಕೆ ತೋಟಗಾರಿಕೆಯ ಪದವೀಧರೆ. 2017ರಲ್ಲಿ ಮದುವೆಯಾಗಿ ಬರುವಾಗ ಒಂದೂವರೆ ಅಡಿಯ ಗಿಡವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತಂದಳು. ಸೊಸೆಯ ಬಳುವಳಿಯೆಂದು ನಮ್ಮ ಮನೆಗೆ ಬಂದದ್ದು ಇದೊಂದೇ ಎಂದು ನಾವು ವಿನೋದಕ್ಕೆ ಹೇಳುವುದುಂಟು, ಅದು ನಿಜವೂ ಹೌದು. ಪಡಸಾಲೆಯ ದಕ್ಷಿಣದ ಕಿಟಕಿಯ ಬಳಿ ಅದಕ್ಕೆ ಸ್ಥಾನವಾಯಿತು. ನೀಲಿ ಬೆರೆತ ಹಸುರು ಬಣ್ಣ, ಕಂಬದುದ್ದಕ್ಕೂ ಏಣುಗಳು, ಏಣಿನ ಅಂಚಿನಲ್ಲಿ ಗೇಣಿಗೆ ಹತ್ತರಂತೆ ಮುಳ್ಳಿನ ಗೊಂಚಲು. ಏಣುಗಳು ಎಣಿಕೆಗೆ ಆರು. ಒಮ್ಮೆ ಮನೆಗೆ ದಯಮಾಡಿಸಿದ ಭಕ್ತರೊಬ್ಬರು ಅದನ್ನು ಎಣಿಸಿ, ಇದು ಸಾಕ್ಷಾತ್ ಷಟ್‌ಸ್ಥಲವೃಕ್ಷವೆಂದು ಕೈಮುಗಿದರು. ಸೊಸೆ ಹಿತ್ತಿಲಲ್ಲಿದ್ದ ಅದರ ಮರಿಯನ್ನು ತಂದು ತೋರಿಸಿದಳು. ಅದಕ್ಕೆ ಏಳು ಏಣುಗಳಿದ್ದವು. ಏಣುಗಳ ಸಂಖ್ಯೆ ಐದೂ ಇರಬಹುದು, ಒಂಬತ್ತೂ ಇರಬಹುದು. ನೀರು ಕುಡಿದಾಗ ಹಾರ್ಮೋನಿಯಮ್ಮಿನ ತಿದಿಯಂತೆ ಉಬ್ಬಿ, ನೀರು ತೀರಿದಾಗ ಕುಗ್ಗುವುದಕ್ಕಾಗಿ ಇರುವ ಏರ್ಪಾಟು ಅದು. ಗಿಡದ ಮೇಲೆ ತತ್ತ್ವವನ್ನು ಹೇರಿದರೆ ಗಿಡಕ್ಕೂ ಕ್ಷೇಮವಲ್ಲ, ತತ್ತ್ವಕ್ಕೂ ಕ್ಷೇಮವಲ್ಲ.

ಇದನ್ನು ಸಾಕುವ ರೀತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಏಕೆಂದರೆ ಈ ಗಿಡ ಉಪವಾಸದಿಂದ ಸಾಯುವುದಿಲ್ಲ, ಉಪಚಾರದಿಂದ ಸಾಯುತ್ತದೆ. ನಮ್ಮ ಭಾಗದ ಎರೆಮಣ್ಣು ಜೋಳಕ್ಕೂ ಹತ್ತಿಗೂ ಅಮೃತವಾದರೂ ಈ ಗಿಡಕ್ಕೆ ಮೃತ್ಯು. ಅದು ನೀರನ್ನು ಹಿಡಿದಿಟ್ಟುಕೊಂಡರೆ ಬಿಡುವುದಿಲ್ಲ. ಎರಡು ಪಾಲು ಮಸಾರಿ ಮಣ್ಣು, ಎರಡು ಪಾಲು ದಪ್ಪ ಉಸುಕು, ಒಂದು ಪಾಲು ಇಟ್ಟಿಗೆಯ ಚೂರು, ಮೇಲೆ ಒಂದು ಹಿಡಿ ಎಲೆಗೊಬ್ಬರ, ಇದು ನಮ್ಮ ಸೊಸೆಯ ಅಳತೆ. ಕುಂಡ ಮಣ್ಣಿನದಾಗಿರಲಿ, ತಳದಲ್ಲಿ ತೂತಿರಲಿ. ಬೇರುಗಳು ಆಳಕ್ಕಿಳಿಯದೆ ಅಗಲಕ್ಕೆ ಹರಡುವುದರಿಂದ ಆಳವಾದ ಕುಂಡಕ್ಕಿಂತ ಅಗಲವಾದದ್ದು ಲೇಸು. ಆಳೆತ್ತರವಾದ ಮೇಲೆ ಗಿಡದ ಮೈಯೆಲ್ಲ ನೀರು. ಹಗುರವಾದ ಪ್ಲಾಸ್ಟಿಕ್ ಕುಂಡದಲ್ಲಿಟ್ಟರೆ ಒಂದು ದಿನ ಯಾರದೋ ಮೈಮೇಲೆ ಬಿದ್ದೀತು. ಮಣ್ಣಿನ ಮೇಲೆ ನಾಲ್ಕು ದುಂಡುಗಲ್ಲುಗಳನ್ನು ಹೇರಿದರೆ ಒಳ್ಳೆಯದು.

ನೀರಿನ ವಿಷಯ. ಬೇಸಗೆಯಲ್ಲಿ ಹತ್ತು ದಿನಕ್ಕೊಮ್ಮೆ ತಳದಿಂದ ಹರಿದುಹೋಗುವಂತೆ ತುಂಬ ಹೊಯ್ಯಬೇಕು. ಮತ್ತೆ ಮಣ್ಣು ಪೂರ್ತಿ ಒಣಗುವವರೆಗೆ ಮುಟ್ಟಬಾರದು. ಮಳೆಗಾಲ ಚಳಿಗಾಲಗಳಲ್ಲಿ ತಿಂಗಳಿಗೊಮ್ಮೆ ಸಾಕು. ದಿನಾಲು ಒಂದು ಚಂಬು ನೀರು ಹಾಕುವ ಭಕ್ತಿ ತುಳಸಿಗೆ ಸಲ್ಲಬಹುದು, ಇದಕ್ಕೆ ಸಲ್ಲದು. ಬುಡ ಕಂದುಬಣ್ಣಕ್ಕೆ ತಿರುಗಿ ಬೆರಳಿಗೆ ಮೆತ್ತಗಾದರೆ ಕೊಳೆತ ಹತ್ತಿತೆಂದೇ ಅರ್ಥ. ಮೇಲಿನ ಗಟ್ಟಿ ಭಾಗವನ್ನು ಕೊಯ್ದು ಬೇರೆ ನೆಡುವುದೊಂದೇ ಉಳಿದ ದಾರಿ. ಇನ್ನು ಬೆಳಕು. ಕೋಣೆಯ ಮೂಲೆಯಲ್ಲಿ ಶೋಭೆಗೆಂದು ನಿಲ್ಲಿಸಿದ ಗಿಡ ಸಾಯುವುದಿಲ್ಲ, ಆದರೆ ಬೆಳಕನ್ನರಸಿ ತುದಿಯಲ್ಲಿ ಪೆನ್ಸಿಲಿನಂತೆ ಸಣ್ಣಗಾಗಿ ಬಿಳಿಚಿಕೊಂಡು ಬೆಳೆಯುತ್ತದೆ. ಆ ಸಣ್ಣ ಭಾಗ ಮುಂದೆ ಎಷ್ಟು ಬಿಸಿಲುಂಡರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಗಾಳಿ ಬಂದಾಗ ಮುರಿಯುವುದೂ ಅಲ್ಲಿಯೇ. ಕಿಟಕಿಯ ಬದಿಯಲ್ಲಿಟ್ಟು ಹದಿನೈದು ದಿನಕ್ಕೊಮ್ಮೆ ಕುಂಡವನ್ನು ಕಾಲುಸುತ್ತು ತಿರುಗಿಸಿದರೆ ಕಂಬ ನೆಟ್ಟಗಿರುತ್ತದೆ. ಒಳಗೆ ಬೆಳೆದದ್ದನ್ನು ಒಮ್ಮೆಗೇ ಏಪ್ರಿಲ್ ತಿಂಗಳ ಬಿಸಿಲಿಗೆ ಇಟ್ಟರೆ ಮೈ ಸುಟ್ಟು ಹಳದಿ ಕಲೆ ಬೀಳುತ್ತದೆ. ಆ ಕಲೆ ಮಾಯುವುದಿಲ್ಲ. ಹಿಟ್ಟುತಿಗಣೆ ಕಂಡರೆ ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಒರೆಸಿ ತೆಗೆಯಬೇಕು. ಇಷ್ಟೇ ಇದರ ಶಾಸ್ತ್ರ. ಮತ್ತೊಂದು ಎಚ್ಚರಿಕೆಯ ಮಾತು: ಕಂಬಗಳ್ಳಿಯೆಂದು ಅಂಗಡಿಯಲ್ಲಿ ಕೊಡುವ ಎಷ್ಟೋ ಗಿಡಗಳು ಹಾಲುಗಳ್ಳಿಯ ಕುಲದವು. ಮುಳ್ಳುಗಳು ಎರಡೆರಡಾಗಿ ಜೋಡಿಯಿದ್ದು ಏಣಿನಂಚಿನಲ್ಲಿ ಸಣ್ಣ ಎಲೆಗಳಿದ್ದರೆ ಅದು ಹಾಲಿನದೇ. ಮಕ್ಕಳಾಡುವ ಮನೆಯವರು ಅದನ್ನು ನೋಡಿ ಕೊಳ್ಳಬೇಕು.

ಈಗ ಆ ಪ್ರಸಂಗಕ್ಕೆ ಬರುತ್ತೇವೆ. ಸೊಸೆಯ ಸಮ್ಮತಿಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ. ಬರೆಯಿರಿ ಎಂದು ಆಕೆಯೇ ಹೇಳಿದ್ದಾಳೆ.

ಮದುವೆಯಾದ ಮೇಲೆ ಆಕೆಗೆ ಎರಡು ಬಾರಿ ಗರ್ಭ ನಿಂತು, ಎರಡು ಬಾರಿಯೂ ಮೂರನೆಯ ತಿಂಗಳಲ್ಲಿ ಇಳಿದುಹೋಯಿತು. ವೈದ್ಯರು ಸಮಾಧಾನವಾಗಿಯೇ ಹೇಳಿದ್ದರು: ಮೊದಲ ಮೂರು ತಿಂಗಳಲ್ಲಿ ಹೀಗಾಗುವುದರಲ್ಲಿ ಅರ್ಧದಷ್ಟಕ್ಕಾದರೂ ಭ್ರೂಣದ ವರ್ಣತಂತುಗಳು ಸರಿಯಾಗಿ ಕೂಡದಿರುವುದೇ ಕಾರಣ, ತಾಯಿ ನಡೆದದ್ದರಿಂದ, ದುಡಿದದ್ದರಿಂದ, ಉಂಡದ್ದರಿಂದ ಅದು ಆಗುವುದಲ್ಲ. ಮನೆಯವರೆಲ್ಲರೂ ಕೇಳಿದೆವು, ಒಪ್ಪಿದೆವು. ಆದರೆ ಊರ ಬಾಯಿಗೆ ವೈದ್ಯರ ಚೀಟಿ ಸಾಕಾಗುವುದಿಲ್ಲ. 2022ರ ಶ್ರಾವಣದಲ್ಲಿ ನಮ್ಮ ಮಗಳ ಮಾವನವರು ಮನೆಗೆ ಬಂದರು. ಅವರು ಸಾತ್ವಿಕರು, ನಿತ್ಯ ಲಿಂಗಪೂಜಾನಿಷ್ಠರು. ನಮ್ಮ ಮಗಳನ್ನು ಮಗಳಂತೆಯೇ ನೋಡಿಕೊಂಡವರು. ಪ್ರಸಾದ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತ ಪಡಸಾಲೆಯ ಗಿಡವನ್ನು ದಿಟ್ಟಿಸಿ ಹೇಳಿದರು: "ಬೀಗರ, ಮನಿಯೊಳಗ ಮುಳ್ಳಿನ ಗಿಡ ಇಟಗೊಂಡ್ರ ಮನಿತನ ಬೆಳಿಯೂದಿಲ್ರಿ. ವಾಸ್ತುದಾಗ ಐತಿ. ಒಡಲು ನಿಂದರೂದಿಲ್ಲ. ನೀವು ದೊಡ್ಡವರು, ನಿಮಗ ನಾ ಏನ್ ಹೇಳ್ಲಿ."

ಅಡುಗೆಮನೆಯಲ್ಲಿ ತಾಟಿನ ಸಪ್ಪಳ ಒಮ್ಮೆಲೇ ನಿಂತಿತು.

ಮರುದಿನ ನಸುಕಿನಲ್ಲಿ ಪೂಜೆಗೆ ಕೂಡುವ ಮುನ್ನ ಹೊರಗೆ ಬಂದಾಗ ಸೊಸೆ ಗಿಡಕ್ಕೆ ಗೋಣಿಚೀಲ ಸುತ್ತಿ, ಕುಂಡವನ್ನು ಒಬ್ಬಳೇ ಹಿತ್ತಿಲ ಬಾಗಿಲಿನ ಕಡೆಗೆ ಜಗ್ಗುತ್ತಿದ್ದಳು. ಮೊಣಕೈಯವರೆಗೆ ಮುಳ್ಳು ತರಚಿ ರಕ್ತ ಒಸರಿತ್ತು. ನಮ್ಮನ್ನು ಕಂಡು, "ಮಾವಾರ, ಇದನ್ನ ಹೊರಗ ಹಾಕ್ತೀನ್ರಿ. ಸುಮ್ಮನ ಯಾಕ ಮಾತು ಕೇಳೂದು" ಎಂದಳು. "ಯವ್ವಾ, ಅದನ್ನ ಅಲ್ಲೇ ಬಿಡು. ಮೊದಲ ಕೈ ತೋರಸು" ಎಂದೆವು. ಅರಿಸಿನ ಹಚ್ಚುವಾಗ ಆಕೆ ಅಳಲಿಲ್ಲ. ಅತ್ತಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ತಾನು ಬಳುವಳಿಯಾಗಿ ತಂದ ಗಿಡವೇ ತನ್ನ ಒಡಲ ಮಗುವನ್ನು ತಿಂದಿತೆಂದು ಒಂದು ರಾತ್ರಿಯಾದರೂ ಆ ಮಗಳು ನಂಬಿರಬೇಕಲ್ಲವೇ?

ಅಂದೇ ಬೀಗರಿಗೆ ನಾವು ಪತ್ರ ಬರೆದೆವು. ದೂರವಾಣಿಯಲ್ಲಿ ಮಾತಾಡಬಹುದಿತ್ತು, ಆದರೆ ಮಾತು ಬಿಸಿಯಾಗುತ್ತದೆ, ಬರಹಕ್ಕೆ ಆರುವಷ್ಟು ವೇಳೆಯಿರುತ್ತದೆ. ಪತ್ರದ ತಾತ್ಪರ್ಯ ಇಂತಿದೆ. ನಾವು ಮಠದ ಪ್ರಸಾದನಿಲಯದಲ್ಲಿದ್ದು ಓದಿದವರು. ಪೂಜೆಗೆ ಪತ್ರಿಯನ್ನು ತರುವ ಸರದಿ ವಾರಕ್ಕೆರಡು ದಿನ ನಮ್ಮದಿರುತ್ತಿತ್ತು. ಬಿಲ್ವದ ಮರಕ್ಕೆ ಅಂಗುಲದುದ್ದದ ನೆಟ್ಟನೆಯ ಮುಳ್ಳುಗಳು. ಪತ್ರಿ ಹರಿದು ತಂದ ಕೈಗಳಲ್ಲಿ ಗೀರಿಲ್ಲದ ದಿನವಿರಲಿಲ್ಲ. ಶಿವನ ಶಿರಸ್ಸಿಗೇರುವ ಎಲೆಗೆ ಮುಳ್ಳಿನ ದೋಷ ತಟ್ಟದು. ಉಮ್ಮತ್ತಿಯ ಕಾಯಿಯ ಮೈಯೆಲ್ಲ ಮುಳ್ಳು. ದಸರೆಯಲ್ಲಿ ಬಂಗಾರವೆಂದು ಪರಸ್ಪರ ಕೊಟ್ಟು ಕಾಲಿಗೆರಗುವ ಬನ್ನಿಯ ಮರವೂ ಮುಳ್ಳಿನದೇ. ಹಾಗಾದರೆ ದೋಷವಿರುವುದು ಯಾವ ಮುಳ್ಳಿಗೆ? ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಎಂಬ ಐದನ್ನೂ ಲಿಂಗವನ್ನು ಧರಿಸಿದವರಿಗಿಲ್ಲವೆಂದು ಶರಣರು ಕಳೆದರು. ಅವರು ಕಳೆದ ಐದರ ಜಾಗದಲ್ಲಿ ಕಂಟಕಸೂತಕವೆಂಬ ಆರನೆಯದೊಂದನ್ನು ನಾವು ತಂದು ಕೂಡಿಸುವುದೇ? ಅದೂ ಯಾರ ಮೇಲೆ? ಎರಡು ಬಾರಿ ಬರಿಯ ಒಡಲಿನಿಂದ ಆಸ್ಪತ್ರೆಯಿಂದ ಮರಳಿದವಳ ಮೇಲೆ. ವಾರ, ತಿಥಿ, ರಾಶಿ, ಕೂಟಗಳ ಅಂಜಿಕೆಯನ್ನೇ ಬಿಡಿಸಿದ ಧರ್ಮ ನಮ್ಮದು. ಕುಂಡದ ಅಂಜಿಕೆಯನ್ನು ಇಟ್ಟುಕೊಂಡು ಏನು ಮಾಡುವುದು? ಕ್ಷಮೆಯಿರಲಿ, ಗಿಡ ಅಲ್ಲಿಯೇ ಇರುತ್ತದೆ.

ಹೀಗೆ ಬರೆದು ಅಂಚೆಗೆ ಹಾಕಿದೆವು. ಉತ್ತರ ಬರಲಿಲ್ಲ. ಆ ವರುಷ ದೀಪಾವಳಿಗೆ ಅವರು ಬರಲಿಲ್ಲ, ಮಗಳನ್ನೂ ಕಳಿಸಲಿಲ್ಲ. ಕಾರ್ತೀಕದ ಒಂದು ಸಂಜೆ ಮಗಳ ಫೋನು ಬಂತು. "ಅಪ್ಪಾಜಿ, ನೀವು ಬರದದ್ದು ಖರೇ ಅದ. ಆದ್ರ ಇಲ್ಲಿ ಇರಾಕಿ ನಾನು" ಎಂದಳು. ಈ ಮಾತಿಗೆ ನಮ್ಮ ಯಾವ ಗ್ರಂಥದಲ್ಲಿಯೂ ಉತ್ತರ ದೊರೆಯಲಿಲ್ಲ. ಒಬ್ಬ ಮಗಳ ಕಣ್ಣೊರೆಸಲು ಹೋದ ಕೈ ಇನ್ನೊಬ್ಬ ಮಗಳ ಮನೆಯ ಬಾಗಿಲಿಗೆ ತಾಗಿತ್ತು. ಆದರೂ ಪತ್ರದ ಒಂದಕ್ಷರವನ್ನೂ ನಾವು ಹಿಂತೆಗೆಯಲಿಲ್ಲ. ಹಿಂತೆಗೆದಿದ್ದರೆ ಸೊಸೆಯ ಮೇಲೆ ಅಪವಾದವನ್ನು ನಾವೇ ಮುದ್ರೆಯೊತ್ತಿ ಕೊಟ್ಟಂತಾಗುತ್ತಿತ್ತು. ಮಗಳಿಗೆ ಇಷ್ಟು ಮಾತ್ರ ಹೇಳಿದೆವು: "ನಿನ್ನ ಮಾವನವರು ಒಳ್ಳೆಯವರು, ಒಂದಿಷ್ಟು ದಿನ ತಾಳು." ಮುಂದಿನ ಬಸವ ಜಯಂತಿಗೆ ಬೀಗರು ತಾವಾಗಿ ಬಂದರು. ಪತ್ರದ ಸುದ್ದಿ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಈಗಲೂ ಬರುತ್ತಾರೆ, ಕಂಬಗಳ್ಳಿಗೆ ಬೆನ್ನು ಮಾಡಿ ಕೂಡುತ್ತಾರೆ, ಅಷ್ಟೇ.

ಸೊಸೆಗೆ ಮುಂದೆ ಮಗುವಾಯಿತೇ ಎಂದು ಓದುಗರ ಮನಸ್ಸಿನಲ್ಲಿ ಪ್ರಶ್ನೆ ಏಳುವುದು ಸಹಜ. ಅದನ್ನಿಲ್ಲಿ ಹೇಳುವುದಿಲ್ಲ. ಆಯಿತೆಂದರೆ ಗಿಡಕ್ಕೆ ಕೀರ್ತಿಯನ್ನೂ, ಆಗಲಿಲ್ಲವೆಂದರೆ ಅಪಕೀರ್ತಿಯನ್ನೂ ಕಟ್ಟುವವರಿದ್ದಾರೆ. ಎರಡೂ ಆ ಬಡಗಿಡಕ್ಕೆ ಸಲ್ಲುವುದಿಲ್ಲ.

ಗಿಡದ ಗುಣದ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಸಾಮಾನ್ಯವಾಗಿ ಗಿಡಗಳು ತಮ್ಮ ಮೈಯ ಸೂಕ್ಷ್ಮರಂಧ್ರಗಳನ್ನು ಹಗಲಿನಲ್ಲಿ ತೆರೆಯುತ್ತವೆ. ಕಳ್ಳಿ ಹಾಗೆ ಮಾಡಿದರೆ ಮರಳುಗಾಡಿನ ಬಿಸಿಲಿಗೆ ಒಡಲ ನೀರೆಲ್ಲ ಆರಿಹೋದೀತು. ಆದ್ದರಿಂದ ಅದು ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆಗ ಒಳಗೆಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವೆಂಬ ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿ ಬಿಸಿಲಿನ ಬಲದಿಂದ ಅದನ್ನು ಆಹಾರವಾಗಿ ಮಾಡಿಕೊಳ್ಳುತ್ತದೆ. ಈ ರಹಸ್ಯದ ಹಳೆಯ ಎಳೆಗಳಲ್ಲೊಂದು ಸಿಕ್ಕಿದ್ದು ಭಾರತದಲ್ಲಿಯೇ ಎಂಬುದು ಸಂತೋಷದ ವಿಷಯ. ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನು ಕೆಲಕಾಲ ನೋಡಿಕೊಂಡಿದ್ದ ಬೆಂಜಮಿನ್ ಹೈನ್ ಎಂಬ ಪಾದ್ರಿ ಮೂತ್ರಕಲ್ಲಿಗೆ ನಮ್ಮವರು ತಿನ್ನುವ ಕಾಡುಬಸಳೆಯ ಎಲೆಯನ್ನು ಬೇರೆಬೇರೆ ಹೊತ್ತಿಗೆ ಅಗಿದು ನೋಡಿದ. ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಅವನ ಪತ್ರ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸಂಘದ ಸಂಪುಟದಲ್ಲಿ ಅಚ್ಚಾಯಿತು. ಕಾಡುಬಸಳೆಯೂ ಕಂಬಗಳ್ಳಿಯೂ ಬೇರೆ ಕುಲದವಾದರೂ ಈ ಉಸಿರಾಟದ ಪದ್ಧತಿ ಎರಡಕ್ಕೂ ಒಂದೇ. ಇದನ್ನೇ ಹಿಡಿದು, ಕಳ್ಳಿಯನ್ನು ಮಲಗುವ ಕೋಣೆಯಲ್ಲಿಟ್ಟರೆ ಗಾಳಿಯೆಲ್ಲ ಶುದ್ಧವಾಗುತ್ತದೆ ಎಂದು ಈಗ ಕೆಲವರು ಸಾರುತ್ತಾರೆ. ವಾಸ್ತುವಿನವರ ಅಂಜಿಕೆ ಎಷ್ಟು ಹುಸಿಯೋ ಇವರ ಆಸೆಯೂ ಅಷ್ಟೇ ಹುಸಿ. ಒಂದು ಗಿಡ ಕೋಣೆಯ ಗಾಳಿಗೆ ಮಾಡುವ ಉಪಕಾರ ಒಂದು ಕಿಟಕಿ ತೆರೆದಷ್ಟೂ ಇಲ್ಲ.

ಹೂವು ಬಿಡುವುದೂ ರಾತ್ರಿಯಲ್ಲಿಯೇ. ಬಯಲಿನಲ್ಲಿ ಬೆಳೆದ ಕಂಬಗಳ್ಳಿ ಗೇಣಗಲದ ಬಿಳಿಯ ಹೂವನ್ನು ಕತ್ತಲಾದ ಮೇಲೆ ಅರಳಿಸಿ ಬೆಳಕು ಹರಿದ ಮೇಲೆ ಮುದುಡಿಸುತ್ತದೆ. ಪಡಸಾಲೆಯ ಬೆಳಕಿಗೆ ನಮ್ಮದು ಇದುವರೆಗೆ ಹೂಬಿಟ್ಟಿಲ್ಲ. ಆದರೆ ನಮ್ಮ ಭಕ್ತರ ಮನೆಗಳಲ್ಲಿ ನಡುರಾತ್ರಿ ಅರಳಿತೆಂದು ಓಣಿಯವರನ್ನೆಲ್ಲ ಕರೆದು ಆರತಿ ಬೆಳಗುವ 'ಬ್ರಹ್ಮಕಮಲ'ವಿದೆಯಲ್ಲ, ಅದೂ ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿಯೇ. ಹಿಮಾಲಯದ ನಿಜವಾದ ಬ್ರಹ್ಮಕಮಲ ಸೇವಂತಿಗೆಯ ಕುಲದ ಬೇರೆಯೇ ಹೂವು. ಮುಳ್ಳಿಲ್ಲದ ಕಳ್ಳಿಗೆ ಆರತಿ, ಮುಳ್ಳಿರುವ ಕಳ್ಳಿಗೆ ಹಿತ್ತಿಲು! ಇದನ್ನು ಬೀಗರ ಪತ್ರದಲ್ಲಿ ಬರೆಯಬೇಕೆಂದಿದ್ದೆವು. ಅವರ ಮನೆಯ ಅಂಗಳದಲ್ಲಿ ಬ್ರಹ್ಮಕಮಲದ ಗಿಡವಿದ್ದುದರಿಂದ ಬಿಟ್ಟೆವು.

ಈ ವರುಷ ಬೇರೊಂದು ಸಮಸ್ಯೆ ಬಂತು. ಕುಂಡದ ಎತ್ತರವೂ ಸೇರಿ ಕಂಬ ಹತ್ತಡಿಯ ಮಾಳಿಗೆಗೆ ನಾಲ್ಕು ಬೆರಳು ಕಡಿಮೆ ನಿಂತಿತು. ಹೊರಗೆ ನೆಟ್ಟರೆ ಇದರ ಎತ್ತರಕ್ಕೆ ಮಿತಿಯಿದ್ದಂತಿಲ್ಲ. ಧಾರವಾಡದ ಎಸ್.ಡಿ.ಎಂ. ದಂತವೈದ್ಯಕೀಯ ಮಹಾವಿದ್ಯಾಲಯದ ಆವರಣದಲ್ಲಿ ಬೆಳೆದ ಇದೇ ಕುಲದ ಕಳ್ಳಿ 2009ರಲ್ಲಿ 33.5 ಮೀಟರ್, ಅಂದರೆ 110 ಅಡಿ ಎತ್ತರವಿದ್ದು, ಜನರು ನೆಟ್ಟು ಬೆಳೆಸಿದ ಕಳ್ಳಿಗಳಲ್ಲೆಲ್ಲ ಎತ್ತರವಾದದ್ದೆಂದು ಗಿನ್ನೆಸ್ ದಾಖಲೆಯಲ್ಲಿ ಸೇರಿತು. ನಮ್ಮ ಪಡಸಾಲೆಗೆ ಆ ಭಾಗ್ಯವಿಲ್ಲ. ಮಗ ಹಿತ್ತಿಲಲ್ಲಿ ನೆಡೋಣವೆಂದ. ಅಲ್ಲಿರುವುದು ಎರೆಮಣ್ಣು, ಮೊದಲ ಮಳೆಗಾಲದಲ್ಲಿಯೇ ಬುಡ ಕೊಳೆತೀತು. ಕೊಯ್ಯುವುದೇ ಸರಿಯೆಂದು ಸೊಸೆ ನಿರ್ಣಯಿಸಿದಳು.

ಕೊಯ್ಯುವುದಕ್ಕೆ ಒಣಹವೆಯ ದಿನ ಬೇಕು. ಈಳಿಗೆಯ ಅಲಗನ್ನು ಸ್ಪಿರಿಟ್ಟಿನಿಂದ ಒರೆಸಿ, ನೆಲದಿಂದ ನಾಲ್ಕಡಿಯ ಮೇಲೆ ಒಂದೇ ಹೊಡೆತಕ್ಕೆ ಅಡ್ಡಲಾಗಿ ಕೊಯ್ದಳು. ಮೇಲಿನ ಭಾಗವನ್ನು ಕಂಬಳಿ ಸುತ್ತಿ ಮಗ ಹಿಡಿದಿದ್ದ. ನಾವು ಏಣಿ ಹಿಡಿದಿದ್ದೆವು, ಈ ವಯಸ್ಸಿನಲ್ಲಿ ಅಷ್ಟೇ ನಮ್ಮ ಕಾಯಕ. ಒಳಗೆ ತಿಳಿಹಸಿರು ತಿರುಳು, ನಡುವೆ ಬೆಳ್ಳಗೆ ದುಂಡಾದ ಗೆರೆ. ಎಳೆಯ ಸೌತೆಕಾಯಿಯ ವಾಸನೆ. ಕೆಳಗೆ ಉಳಿದ ಮೋಟು ಸಾಯುವುದಿಲ್ಲ. ಕೊಯ್ದ ಗಾಯ ಒಣಗಿ ಬಿರುಸಾದ ಮೇಲೆ ಅದರ ಕೆಳಗಿನ ಮುಳ್ಳಿನ ಮೆತ್ತೆಗಳಿಂದಲೇ ಎರಡೋ ಮೂರೋ ಕುಡಿಗಳು ಒಡೆಯುತ್ತವೆ. ಮೇಲಿನ ತುಂಡನ್ನು ಕೂಡಲೇ ನೆಟ್ಟರೆ ಹಸಿಗಾಯಕ್ಕೆ ಮಣ್ಣಿನ ತೇವ ತಗುಲಿ ಕೊಳೆಯುತ್ತದೆ. ನೆರಳಿನಲ್ಲಿ ಎರಡು ಮೂರು ವಾರ ಒಣಗಿಸಿ, ಗಾಯದ ಮೇಲೆ ಒಣಚರ್ಮ ಕಟ್ಟಿದ ಮೇಲೆಯೇ ನೆಡಬೇಕು. ನೆಲದ ಮೇಲೆ ಮಲಗಿಸಬಾರದು, ಬೆಳಕಿನ ಕಡೆಗೆ ತುದಿ ಬಾಗಿ ಡೊಂಕಾಗುತ್ತದೆ. ತಲೆಕೆಳಗಾಗಿ ನೆಟ್ಟರೆ ಬೇರು ಬಿಡುವುದಿಲ್ಲವೆಂದು ಬುಡದ ಕಡೆಗೆ ಸುಣ್ಣದ ಬೊಟ್ಟಿಟ್ಟು ಗುರುತು ಮಾಡಿದ್ದಾಳೆ.

ತುಂಡು ಈಗ ಅಟ್ಟದ ಪಕ್ಕದಲ್ಲಿ ಬರಿಯ ಕುಂಡವೊಂದರಲ್ಲಿ ಗೋಡೆಗೊರಗಿ ನಿಂತಿದೆ. ಯಾರಿಗೆ ಕೊಡುವುದೆಂದು ಮನೆಯಲ್ಲಿ ಚರ್ಚೆ ನಡೆದಿತ್ತು. ಮೊನ್ನೆ ಮಗಳು ಫೋನು ಮಾಡಿ, ತಮ್ಮ ಮನೆಯ ಮಾಳಿಗೆ ಹನ್ನೆರಡಡಿ ಇದೆಯೆಂದೂ, ಮಾವನವರನ್ನು ತಾನು ಕೇಳಿಕೊಳ್ಳುವೆನೆಂದೂ ಹೇಳಿದ್ದಾಳೆ. ಕೇಳಿದಳೋ ಇಲ್ಲವೋ ಇನ್ನೂ ಸುದ್ದಿಯಿಲ್ಲ. ಇನ್ನೂ ಎಂಟು ದಿನ ಅದನ್ನು ಮುಟ್ಟಬಾರದೆಂದು ಸೊಸೆಯ ಅಪ್ಪಣೆಯಾಗಿದೆ. ಮಸಾರಿ ಮಣ್ಣು, ಉಸುಕು, ಇಟ್ಟಿಗೆಯ ಚೂರು ಹಿತ್ತಿಲಲ್ಲಿ ಸಿದ್ಧವಾಗಿವೆ.